ಬೀಗರ ವಿಮಾನ

ಕಳೆದ ವಾರ ಗೋಕಾಕದ ಒಂದು ಫರ್ನಿಚರ್ ಅಂಗಡಿಗೆ ಹೋಗಿದ್ದೆವು. ಸಾಲಿಯ ಟೀಚರ್ ಕೆಲಸದಿಂದ ನಿವೃತ್ತಿಯಾದ ಮೇಲೆ ಬೆನ್ನಿಗೆ ಆಧಾರವಿರುವ ಒಂದು ಕುರ್ಚಿ ಬೇಕೆಂದು ಹೊರಟವಳು ನಾನು. ಆದರೆ ಒಳಗೆ ಕಾಲಿಟ್ಟ ಕೂಡಲೇ ಒಂದು ಕುರ್ಚಿ ಹಿಡಿದು ಕೂತವರು ನಮ್ಮವರು. ಅದು ದೊಡ್ಡ ಸಾಹೇಬರು ಕೂಡುವ ಜಾತಿಯದು. ಒರಗಿದರೆ ಒರಗುತ್ತದೆ, ಹೊರಳಿದರೆ ಹೊರಳುತ್ತದೆ. ಮೊದಲು ಸುಮ್ಮನೆ ಕೂತರು. ಆಮೇಲೆ ಎರಡೂ ಕೈಯನ್ನು ಮುಂದೆ ತಂದು, ಕಾಣದ ಕೋಲೊಂದನ್ನು ಹಿಡಿದ ಹಾಗೆ ಮುಷ್ಟಿ ಕಟ್ಟಿ, ಮೆಲ್ಲಗೆ ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ಹೆಬ್ಬೆರಳು ಏನನ್ನೋ ಒತ್ತಿತು. ಅರವತ್ತು ದಾಟಿದ, ಮೋಟರ್ ಸೈಕಲ್ ಬಿಡಿಭಾಗದ ಅಂಗಡಿ ಇಟ್ಟುಕೊಂಡು ಊರಲ್ಲಿ ನಾಲ್ಕು ಜನರಿಂದ ಕಾಕಾ ಅನ್ನಿಸಿಕೊಳ್ಳುವ ಮನುಷ್ಯ.

ಅಂಗಡಿಯವನು ನನ್ನ ಹತ್ತಿರ ಬಂದು ದನಿ ತಗ್ಗಿಸಿ ಕೇಳಿದ: "ಅಕ್ಕಾರ, ಕಾಕಾಗ ಬ್ಯಾನಿ ಏನರ ಐತೇನ್ರಿ?"

"ಐತಿ. ಹಳೇದು," ಅಂದೆ.

ಆ ಬೇನೆಯ ಮೂಲ ನಿಮಗೆ ಹೇಳಬೇಕು. ನಮ್ಮ ಮದುವೆಯಾದ ಹೊಸದರಲ್ಲಿ ಬಸ್ ಸ್ಟ್ಯಾಂಡಿನ ಹತ್ತಿರದ ಓಣಿಯಲ್ಲಿ ಒಂದು ವಿಡಿಯೋ ಗೇಮಿನ ಅಂಗಡಿ ಇತ್ತು. ಬಾಗಿಲಿಗೆ ದಪ್ಪ ಪರದೆ, ಒಳಗೆ ಕತ್ತಲು, ಕತ್ತಲೊಳಗೆ ಸಾಲಾಗಿ ನಿಂತ ಪೆಟ್ಟಿಗೆಗಳು, ಅವುಗಳಿಂದ ಕುಂಯ್ ಕುಂಯ್ ಅನ್ನುವ ಸದ್ದು. ನಮ್ಮವರು ಸಂಜೆ ಅಂಗಡಿ ಮುಚ್ಚಿದ ಮೇಲೆ, "ಮೂಡಲಗಿ ಬಸ್ಸಿನ ಟೈಮ್ ಕೇಳಿ ಬರ್ತೀನಿ," ಅಂತ ಹೋಗುತ್ತಿದ್ದರು. ಮೂಡಲಗಿ ಅವರ ಊರು; ಅಲ್ಲಿಯ ಬಸ್ಸಿನ ಟೈಮು ಅವರಿಗೆ ಹುಟ್ಟಿದಾಗಿನಿಂದ ಗೊತ್ತು. ಹೊಸ ಮದುಮಗಳಾದ ನಾನು ಇದನ್ನೆಲ್ಲ ವಿಚಾರ ಮಾಡದೆ, ಎಷ್ಟು ಕಾಳಜಿಯ ಮನುಷ್ಯ, ದಿನಾ ಅಪ್ಪ ಅವ್ವನ ಊರಿನ ಬಸ್ಸು ವಿಚಾರಿಸುತ್ತಾರಲ್ಲ ಅಂದುಕೊಂಡಿದ್ದೆ. ಕಡೆಗೆ ಒಂದು ದಿನ ತಾವಾಗಿಯೇ ನನ್ನನ್ನು ಕರೆದುಕೊಂಡು ಹೋದರು. ಹೊಸ ಜೋಡಿಗಳು ಮಹಾಬಳೇಶ್ವರಕ್ಕೆ ಹೋಗುವ ಕಾಲ. ನಾನು ಬಸ್ ಸ್ಟ್ಯಾಂಡಿಗೆ ಹೋದೆ.

ಎಲ್ಲ ಪೆಟ್ಟಿಗೆಗಳನ್ನೂ ದಾಟಿ, ಮೂಲೆಯಲ್ಲಿ ಒಂದು ದೊಡ್ಡ ಯಂತ್ರ ಇತ್ತು. ನೋಡುವುದಕ್ಕೆ ಅರ್ಧಕ್ಕೆ ಕೊಯ್ದಿಟ್ಟ ಆಟೋರಿಕ್ಷಾದ ಹಾಗೆ. ಒಳಗೆ ಕೆಂಪು ಸೀಟು, ಎದುರಿಗೆ ಟಿವಿ, ಕೈಗೆ ಒಂದು ಕೋಲು, ಕೋಲಿನ ತುದಿಗೆ ಗುಂಡು ಹಾರಿಸುವ ಗುಂಡಿ, ಕಿವಿಯ ಹಿಂದೆ ಎರಡು ಸ್ಪೀಕರು. ಟಿವಿಯಲ್ಲಿ ಒಂದು ಯುದ್ಧವಿಮಾನ ಬೆನ್ನು ತೋರಿಸಿಕೊಂಡು ಹಾರುತ್ತಿರುತ್ತದೆ. ಕೆಳಗೆ ಸಮುದ್ರ, ಎದುರಿಗೆ ವೈರಿಗಳ ವಿಮಾನ, ನಡುವೆ ಹೊಗೆ. ನೀವು ಕೋಲನ್ನು ಎಡಕ್ಕೆ ಎಳೆದರೆ ವಿಮಾನವೂ ಎಡಕ್ಕೆ, ಕೂತ ಸೀಟೂ ಎಡಕ್ಕೆ. ಮುಂಬೈಯಲ್ಲಿ ಬೇಕಾದಷ್ಟು ಯುದ್ಧ ಮಾಡಿ, ಲಾರಿ ಮೇಲೆ ಗೋಕಾಕಕ್ಕೆ ಬರುವ ಹೊತ್ತಿಗೆ ಅದರ ಒಂದು ಮಗ್ಗಲು ದಣಿದಿತ್ತು. ಎಡಕ್ಕೆ ಸರಾಗವಾಗಿ ವಾಲುತ್ತಿತ್ತು. ಬಲಕ್ಕೆ ವಾಲಬೇಕಾದರೆ ಅಂಗಡಿಯ ಮಾಲಕ ಬಂದು ಭುಜ ಕೊಟ್ಟು ದೂಡಬೇಕಾಗಿತ್ತು. ಅವನು ಒಂದು ಕೈಯಲ್ಲಿ ಚಹದ ಕಪ್ಪು ಬಸಿ ಹಿಡಿದುಕೊಂಡೇ, ಟಿವಿಯ ಕಡೆ ಒಂದು ಕಣ್ಣಿಟ್ಟು, ಸರಿಯಾದ ಹೊತ್ತಿಗೆ ದೂಡುತ್ತಿದ್ದ. ಪ್ರತಿ ಅಮಾವಾಸ್ಯೆಗೆ ಯಂತ್ರಕ್ಕೆ ನಿಂಬೆಹಣ್ಣು ಕಟ್ಟುತ್ತಿದ್ದ, ಟಿವಿಯ ಗಾಜಿಗೆ ಕುಂಕುಮ ಹಚ್ಚುತ್ತಿದ್ದ. ಹೀಗಾಗಿ ಆ ಆಕಾಶದ ನಡುವೆ ಯಾವಾಗಲೂ ಒಂದು ಕೆಂಪು ಬೊಟ್ಟು. ವೈರಿಗಳು ಅದರ ಹಿಂದಿನಿಂದಲೇ ಬರುತ್ತಿದ್ದರು.

ನನ್ನನ್ನೂ ಕೂಡಿಸಿದರು. ಮದುವೆಯ ಇಳಕಲ್ ಸೀರೆ ಉಟ್ಟಿದ್ದೆ. ಸೆರಗು ಸೀಟಿನ ಸಂದಿಯಲ್ಲಿ ಸಿಕ್ಕಿಕೊಂಡಿತು. ವಿಮಾನ ಹಾರಿತು, ಸೀಟು ಎಡಕ್ಕೆ ವಾಲಿತು, ಸೆರಗು ಬಲಕ್ಕೆ ಜಗ್ಗಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ವಿಮಾನ ಸಮುದ್ರದೊಳಗಿತ್ತು.

"ಮೊದಲನೇ ಸಲಕ್ಕ ಭಾಳ ಛಲೋ ಆಡಿದ್ರಿ, ಅಕ್ಕಾರ," ಅಂದ ಮಾಲಕ, ಬಸಿ ಕೆಳಗಿಡುತ್ತ. ನನ್ನ ಇಡೀ ನೌಕರಿಯಲ್ಲಿ ಇನ್‌ಸ್ಪೆಕ್ಟರುಗಳು ಎಷ್ಟೋ ಸಲ ನನ್ನ ಪಾಠ ಕೇಳಿ ಹೋಗಿದ್ದಾರೆ. ಯಾರೂ ಅಷ್ಟು ಉದಾರವಾಗಿ ಸುಳ್ಳು ಹೇಳಲಿಲ್ಲ. ಆದರೂ ನಾನು ಆ ಆಟವನ್ನು ಮತ್ತೆ ಮುಟ್ಟಲಿಲ್ಲ.

ಒಂದೆರಡು ವರ್ಷದಲ್ಲಿ ಆ ಅಂಗಡಿ ಮುಚ್ಚಿ ಅಲ್ಲಿ ಬೇಕರಿ ಬಂತು. ಯಂತ್ರ ಎಲ್ಲಿಗೆ ಹೋಯಿತೋ ತಿಳಿಯದು. ನಮ್ಮವರು ಕೆಲವು ದಿನ ಊಟ ಸರಿಯಾಗಿ ಮಾಡಲಿಲ್ಲ. ಆಮೇಲೆ ಬೆಳಗಾವಿಗೆ ಮಾಲು ತರಲು ಹೋದವರು, ಮಾಲಿನ ಜೊತೆ ಒಂದು ಡಬ್ಬಿಯನ್ನೂ ತಂದರು. ಟಿವಿಗೆ ಜೋಡಿಸುವ ಗೇಮು. ಅದೇ ವಿಮಾನದ ಆಟ, ಮನೆಯ ಆವೃತ್ತಿ. ಕ್ಯಾಸೆಟ್ಟನ್ನು ಮೂರು ಸಲ ಊದಿ, ದೇವರ ಹೆಸರು ಹೇಳಿ ಒಳಗೆ ಹಾಕಿದರು. ಆಟ ಶುರುವಾಯಿತು. ಅವರ ಮುಖ ಇಳಿಯಿತು.

ಅದು ಅದೇ ಆಟ ಹೌದು, ಆದರೆ ಸಾರು ಇದ್ದಲ್ಲಿ ಸಾರಿನ ತಿಳಿ ಬಡಿಸಿದ ಹಾಗಿತ್ತು. ವಿಮಾನ ನೊಣದಷ್ಟಾಗಿತ್ತು. ಸಮುದ್ರ ನಮ್ಮ ಬಚ್ಚಲಿನ ಪ್ಲಾಸ್ಟಿಕ್ ಬಕೀಟಿನ ಬಣ್ಣ. ಸ್ಫೋಟವಾದರೆ ಚುರುಮುರಿ ಚೆಲ್ಲಿದಂತೆ ನಾಲ್ಕು ಚೌಕ ಚುಕ್ಕೆ. ಎಲ್ಲಕ್ಕಿಂತ ದೊಡ್ಡ ಕೊರತೆಯೆಂದರೆ ಸೀಟು ವಾಲುವುದಿಲ್ಲ. ಅದಕ್ಕೆ ಇವರು ತಾವೇ ವಾಲತೊಡಗಿದರು. ಮಂಚದ ಅಂಚಿಗೆ ಕೂತು ಎಡಕ್ಕೆ, ಬಲಕ್ಕೆ, ಎಡಕ್ಕೆ. ಒಂದು ಸಲ ಬಲಕ್ಕೆ ಹೆಚ್ಚು ವಾಲಿ ಮಂಚದ ಕೆಳಗೆ ಬಿದ್ದರು. ದೂಡಿ ದೂಡಿ ಕೊಡುತ್ತಿದ್ದ ಮಾಲಕ ಇರಲಿಲ್ಲವಲ್ಲ, ಅಂದಾಜು ತಪ್ಪಿತ್ತು.

ಈಗ ಇಬ್ಬರು ಹಿರಿಯರನ್ನು ನಿಮಗೆ ಪರಿಚಯಿಸಬೇಕು. ಈ ಕಥೆಯ ನಿಜವಾದ ವೈಮಾನಿಕರು ಅವರೇ.

ಒಬ್ಬರು ನಮ್ಮ ಮಾವನವರು. ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರ. ದಪ್ಪ ಮೀಸೆ, ಬಿಳಿ ಧೋತರ, ಹಣೆ ತುಂಬ ವಿಭೂತಿ. ಯಾವ ವಸ್ತು ಕಂಡರೂ ಹೆಬ್ಬೆರಳಿನಿಂದ ಒತ್ತಿ ನೋಡುವುದು ರೂಢಿ. ಬೆಲ್ಲ ಒತ್ತಿ ಒತ್ತಿ ಬಂದ ರೂಢಿ ಅದು. ನನ್ನನ್ನು ನೋಡಲು ಬಂದಾಗ ನಮ್ಮ ಮನೆಯ ಗೋಡೆಯನ್ನೂ ಒತ್ತಿ ನೋಡಿದ್ದರು.

ಇನ್ನೊಬ್ಬರು ನನ್ನ ಅಪ್ಪ, ಹುಕ್ಕೇರಿಯವರು. ಸರ್ಕಾರಿ ಬಸ್ಸಿನ ಡ್ರೈವರಾಗಿ ನಿವೃತ್ತರಾದವರು. ಸರ್ವೀಸಿನಲ್ಲಿ ಒಂದು ಕೋಳಿಯನ್ನೂ ಕೆಡವಿದವರಲ್ಲ. ಮನೆಯಲ್ಲಿ ನಡೆಯುವಾಗಲೂ ತಿರುವಿನಲ್ಲಿ ಗಂಟಲು ಕೆಮ್ಮಿ ಹೋಗುವವರು. ಅವ್ವ ಎದುರಿಗೆ ಬಂದರೆ ಗೋಡೆಗೆ ಅಂಟಿ ನಿಂತು ಅವಳಿಗೆ ದಾರಿ ಬಿಡುತ್ತಿದ್ದರು. ಅವರ ದಾಂಪತ್ಯ ಸುಖವಾಗಿತ್ತು ಅನ್ನುವುದಕ್ಕೆ ನನಗೆ ಬೇರೆ ಕಾರಣ ಗೊತ್ತಿಲ್ಲ.

ಈ ಇಬ್ಬರು ಬೀಗರೂ ಮದುವೆಯ ದಿನ ಅಣ್ಣತಮ್ಮಂದಿರ ಹಾಗೆ ಇದ್ದರು. ಕೆಟ್ಟದ್ದು ಫೋಟೋ ಆಲ್ಬಮ್ ಬಂದ ದಿನ. ಎರಡೂ ಮನೆಯವರು ಕೂಡಿ ತೆಗೆಸಿಕೊಂಡ ದೊಡ್ಡ ಫೋಟೋದಲ್ಲಿ ಎಲ್ಲರೂ ಇದ್ದರು: ನಾವಿಬ್ಬರು, ಅತ್ತೆ, ಅವ್ವ, ಯಾರೋ ಗುರುತಿಲ್ಲದ ಹೆಣ್ಣುಮಗಳು, ಅವಳ ಕೈಯ ಕೂಸು. ನಡುವೆ ಅಪ್ಪ ಎದೆ ಉಬ್ಬಿಸಿ ನಿಂತಿದ್ದರು. ಅಪ್ಪನ ಎಡಗಡೆ, ಫೋಟೋದ ಅಂಚಿನಲ್ಲಿ, ಒಂದು ಕಿವಿ, ಅರ್ಧ ಮೀಸೆ ಮತ್ತು ಒಂದು ಭುಜ ಇದ್ದವು. ಅಷ್ಟೇ ನಮ್ಮ ಮಾವನವರು.

ಮಾವನವರು ಆ ಫೋಟೋವನ್ನು ಬಹಳ ಹೊತ್ತು ನೋಡಿದರಂತೆ. ಆಮೇಲೆ, "ಬೀಗರು ನನ್ನ ತಳ್ಯಾರ. ಬೇಕಂತ ತಳ್ಯಾರ. ಒಂದ ಕಿವಿ ನನಗ ಬಿಟ್ಟು ಇನ್ನೊಂದು ಹುಕ್ಕೇರಿಗೆ ಒಯ್ದಾರ," ಅಂದರಂತೆ. ಈ ಮಾತು ಎರಡು ಬಸ್ಸು ಬದಲಿಸಿ ಅಪ್ಪನ ಕಿವಿಗೆ ಬಿತ್ತು. "ನಾ ಯಾರನ್ನೂ ತಳ್ಳಾಂವಲ್ಲ. ನನ್ನ ಲೈನಿನಾಗ ನಾ ನಿಂತೇನಿ. ಅವರ ಲೈನ್ ಬಿಟ್ಟು ನಿಂತಾರ," ಅಂದರು ಅಪ್ಪ. ಅಲ್ಲಿಗೆ ಮಾತು ಮುಗಿಯಿತು. ಬೀಗರ ಮನೆಯ ಹೊಸ್ತಿಲು ತುಳಿಯುವುದಿಲ್ಲ ಎಂದು ಮಾವನವರು ಹಟ ತೊಟ್ಟರು. ಅಪ್ಪನದೂ ಅದೇ ಹಟ. ಆದರೆ ಅವರು ಬಾಯಿ ಬಿಟ್ಟು ಹೇಳಲಿಲ್ಲ, ಮೂಡಲಗಿಯ ಹೆಸರು ಬಂದರೆ ಎದ್ದು ಹೋಗುತ್ತಿದ್ದರು.

ನೀವು ನಗಬಹುದು. ನನಗೆ ನಗು ಬರಲಿಲ್ಲ, ಯಾಕೆಂದರೆ ಅಷ್ಟರಲ್ಲಿ ನನಗೆ ಮಗಳು ಹುಟ್ಟಿದ್ದಳು. ಚೊಚ್ಚಲ ಬಾಣಂತನ ತವರಿನಲ್ಲಿ, ಹುಕ್ಕೇರಿಯಲ್ಲಿ. ತೊಟ್ಟಿಲಿಗೆ ಹಾಕಿ ಹೆಸರಿಡುವುದೂ ಅಲ್ಲೇ ಆಗಬೇಕು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ, ಅಂದರೆ ನನ್ನ ನಾದಿನಿ. ಮಾವನವರು ಬರದ ಮನೆಗೆ ನಾದಿನಿ ಬರುವವಳಲ್ಲ. ಗೋಕಾಕದಲ್ಲೇ ಮಾಡೋಣ ಅಂದರೆ, "ತವರಿನ ಕಾರ್ಯ ತವರಿನಾಗ ಆಗಬೇಕು," ಅಂತ ಅಪ್ಪ. ಹೀಗೆ ದಿನ ಮುಂದೆ ಹೋಗುತ್ತ ಹೋಗುತ್ತ, ನಾನು ಕೂಸನ್ನು ಎತ್ತಿಕೊಂಡು ಗೋಕಾಕಕ್ಕೆ ಬಂದರೂ ಅದಕ್ಕೆ ಹೆಸರಿರಲಿಲ್ಲ. ಹಾಲಿನವನು ಬೇಬಿ ಅನ್ನುತ್ತಿದ್ದ, ಬಾಜೂ ಮನೆಯವರು ಚಿನ್ನಿ ಅನ್ನುತ್ತಿದ್ದರು, ನಮ್ಮವರು ಪೈಲಟ್ ಅನ್ನುತ್ತಿದ್ದರು. ಕೂಸು ಮಗುಚಿ ಬಿತ್ತು, ಕೂಡಲು ಕಲಿಯಿತು, ಮೊದಲ ಹಲ್ಲು ಬಂತು. ಹೆಸರಿಲ್ಲ. ರಾತ್ರಿ ಅದನ್ನು ತಟ್ಟಿ ಮಲಗಿಸುವಾಗ ಏನಂತ ಕರೆದು ಜೋಗುಳ ಹಾಡಬೇಕೋ ತಿಳಿಯದೆ ನನಗೆ ಅಳು ಬರುತ್ತಿತ್ತು. ಹಿರಿಯರಿಬ್ಬರೂ ಮೊಮ್ಮಗಳನ್ನು ಜೀವದಷ್ಟು ಪ್ರೀತಿಸುತ್ತಿದ್ದರು. ಅದೇ ಅವರ ಹಟಕ್ಕೆ ಗೊಬ್ಬರ.

ಗೋಕಾಕ ಇಬ್ಬರ ಊರಿಗೂ ನಡುವೆ. ಮಾವನವರು ಸಂತೆಯ ದಿನ ಕಲ್ಲೋಳಿ ಮೇಲಿನ ಬಸ್ಸಿಗೆ ಬಂದು, ಪೇಟೆಯ ಕೆಲಸ ಮುಗಿಸಿ, ಕೂಸನ್ನು ನೋಡಲು ಮನೆಗೆ ಬರುತ್ತಿದ್ದರು. ನನ್ನ ಅಪ್ಪನಾದರೋ ಅವ್ವ ಕೊಟ್ಟ ಮೊಸರು, ಶೇಂಗಾ ಹೋಳಿಗೆ ಹಿಡಿದು ಮನಸ್ಸು ಬಂದ ದಿನ ಬರುತ್ತಿದ್ದರು. ಇಬ್ಬರೂ ಒಂದೇ ಹೊತ್ತಿಗೆ ಬರದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ. ಅದಕ್ಕೆ ನಾನು ಒಂದು ಉಪಾಯ ಮಾಡಿದ್ದೆ. ಮಾವನವರು ಒಳಗಿದ್ದರೆ ಅಂಗಳದ ಹಗ್ಗಕ್ಕೆ ಒಂದು ಕೆಂಪು ಸೀರೆ ಹಾಕುತ್ತಿದ್ದೆ. ಅಪ್ಪ ಓಣಿಯ ತುದಿಯಿಂದಲೇ ಕೆಂಪು ನೋಡಿ ನಿಂತು, ಹಿಂತಿರುಗಿ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದರು. ಸಿಗ್ನಲ್ಲನ್ನು ಮೀರುವ ಮನುಷ್ಯನಲ್ಲ.

ಇಬ್ಬರಿಗೂ ವಿಮಾನದ ಆಟದ ಹುಚ್ಚು ಹತ್ತಿದ್ದು ಬೇರೆ ಬೇರೆಯಾಗಿಯೇ. ಮಾವನವರಿಗೆ ಬಸ್ಸಿನ ಹೊತ್ತು ಆಗುವವರೆಗೆ ಏನಾದರೂ ಬೇಕಲ್ಲ ಅಂತ ಇವರು ಆಟ ಹಚ್ಚಿ ಕೈಗೆ ರಿಮೋಟ್ ಕೊಟ್ಟರು. ನಾವು ಅದಕ್ಕೆ ರಿಮೋಟ್ ಅಂತಲೇ ಅನ್ನುತ್ತಿದ್ದೆವು: ವಯರಿನ ತುದಿಗೆ ಒಂದು ಚಪ್ಪಟೆ ಡಬ್ಬಿ, ಎಡಗಡೆ ವಿಮಾನ ತಿರುಗಿಸುವ ಗುಂಡಿ, ಬಲಗಡೆ ಹೊಡೆಯುವ ಗುಂಡಿ. ಮಾವನವರ ಹೆಬ್ಬೆರಳಿಗೆ ಬಲಗಡೆಯ ಗುಂಡಿ ಬೆಲ್ಲದ ಅಚ್ಚಿನಂತೆ ಕಂಡಿರಬೇಕು. ವಿಮಾನ ನೆಲ ಬಿಟ್ಟ ಕೂಡಲೇ, ವೈರಿಯ ಸುಳಿವೇ ಇಲ್ಲದ ಖಾಲಿ ಆಕಾಶಕ್ಕೆ ಇದ್ದ ಕ್ಷಿಪಣಿಯನ್ನೆಲ್ಲ ಹೊಡೆದು ಮುಗಿಸುತ್ತಿದ್ದರು.

"ಅಪ್ಪಾ, ಸ್ವಲ್ಪ ಉಳಿಸ್ಕೋರಿ," ಅನ್ನುತ್ತಿದ್ದರು ನಮ್ಮವರು.

"ಇಟ್ಕೊಂಡು ಏನ ಮಾಡೂದೈತಿ? ಇಟ್ಟ ಮಾಲು ಇಳೀತೈತಿ."

ಆಮೇಲೆ ಬಂದ ಮೊದಲ ವೈರಿಯ ವಿಮಾನಕ್ಕೆ ನೆಟ್ಟಗೆ ಡಿಕ್ಕಿ ಹೊಡೆದು, ತೃಪ್ತಿಯಿಂದ ರಿಮೋಟ್ ಕೆಳಗಿಡುತ್ತಿದ್ದರು. ತಿರುಗಿಸುವ ಗುಂಡಿಯನ್ನು ಅವರು ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಅಪ್ಪನದು ಇನ್ನೊಂದು ರೀತಿ. ಮೊದಲ ದಿನ ರಿಮೋಟನ್ನು ತಿರುವಿ ನೋಡಿ, "ಹಾರ್ನ್ ಯಾವುದು ಇದರಾಗ?" ಅಂತ ಕೇಳಿದರು. ಇಲ್ಲ ಅಂದಾಗ ಬಹಳ ಹೊತ್ತು ಯೋಚನೆ ಮಾಡಿದರು. ಹಾರ್ನಿಲ್ಲದ ಗಾಡಿಯನ್ನು ರಸ್ತೆಗಿಳಿಸಿದವರು ಎಂಥ ಜನ ಎಂದು ಅವರ ಮುಖದಲ್ಲಿತ್ತು. ಆಮೇಲೆ ಆಡಿದರು. ಆಡಿದರು ಅನ್ನುವುದಕ್ಕಿಂತ ಓಡಿಸಿದರು. ಎದುರಿಗೆ ವೈರಿ ಬಂದರೆ ಎಡಕ್ಕೆ ಸರಿದು ಸೈಡ್ ಕೊಟ್ಟರು. ಹಿಂದಿನಿಂದ ಬಂದರೆ ಮುಂದೆ ಹೋಗಲು ಬಿಟ್ಟರು. ಕ್ಷಿಪಣಿ ಬಂದರೂ ಬಸ್ ಸ್ಟ್ಯಾಂಡಿನ ದನಕ್ಕೆ ದಾರಿ ಬಿಟ್ಟಂತೆ ದಾರಿ ಬಿಟ್ಟರು. ಒಂದು ಗುಂಡೂ ಹಾರಿಸಲಿಲ್ಲ.

"ಹೊಡೀರಿ, ಮಾವಾರ," ಅಂದರು ನಮ್ಮವರು, ತಮ್ಮ ಮಾವನಿಗೆ.

"ಅವರ ಪಾಡಿಗೆ ಅವರು ಹೊಂಟಾರಲ್ಲ. ನಾ ಯಾಕ ಹೊಡೀಲಿ?"

ಹೀಗೆ ಬಹಳ ದೂರ ಹೋಗುತ್ತಿದ್ದರು. ಆದರೆ ವೈರಿಗಳನ್ನು ಹೊಡೆಯದಿದ್ದರೆ ಅವರು ಹೆಚ್ಚುತ್ತ ಹೋಗುತ್ತಾರೆ. ಕಡೆಗೆ ಆಕಾಶದಲ್ಲಿ ಟ್ರಾಫಿಕ್ ಜಾಮ್ ಆಗಿ, ಸೈಡ್ ಕೊಡಲು ಜಾಗವಿಲ್ಲದೆ ಅಪ್ಪ ಬೀಳುತ್ತಿದ್ದರು.

ಆ ಮಳೆಗಾಲದಲ್ಲಿ ಒಂದು ಸಂತೆಯ ದಿನ. ನಮ್ಮಲ್ಲಿ ಹನಿಮಳೆ ಅಷ್ಟೇ. ಮೇಲೆ ಘಟ್ಟದಲ್ಲಿ ಜೋರು ಮಳೆಯಾಗಿ ಹೊಳೆ ಏರುತ್ತಿತ್ತು. ಮಾವನವರು ಬಂದರು. ನಾನು ಕೆಂಪು ಸೀರೆ ಹಾಕಿದೆ. ಸ್ವಲ್ಪ ಹೊತ್ತಿಗೆ ಹನಿ ಜೋರಾಯಿತು. ಒಣಹಾಕಿದ ಬಟ್ಟೆ ತೋಯುತ್ತವಲ್ಲ ಎಂದು ಓಡಿಹೋಗಿ ಹಗ್ಗದ ಮೇಲಿದ್ದುದನ್ನೆಲ್ಲ ಬಾಚಿಕೊಂಡು ಒಳಗೆ ತಂದೆ. ಕೂಸಿನ ಲಂಗೋಟಿ, ಇವರ ಅಂಗಿ, ಕೆಂಪು ಸೀರೆ, ಎಲ್ಲವೂ ಬಂದವು. ಸಾಲಿಯಲ್ಲಿ ಮಕ್ಕಳಿಗೆ ಏಕಾಗ್ರತೆಯ ಬಗ್ಗೆ ಉಪದೇಶ ಮಾಡುವವಳು ನಾನು. ಸೀರೆಯನ್ನು ಚಂದವಾಗಿ ನಾಲ್ಕು ಮಡಿಕೆ ಮಡಚಿ ಕಪಾಟಿನಲ್ಲಿಡುವ ಹೊತ್ತಿಗೆ ಬಾಗಿಲಲ್ಲಿ ಅಪ್ಪ ಕೊಡೆ ಮಡಚುತ್ತ ನಿಂತಿದ್ದರು.

ಮಾವನವರು ಎದ್ದು ನಿಂತರು. ಅಪ್ಪ ಹೊಸ್ತಿಲಲ್ಲೇ ನಿಂತರು. ನಾನು ಮೊಸರಿನ ಡಬ್ಬಿ ಇಸಿದುಕೊಂಡೆ, ಬೇರೆ ಏನು ಮಾಡಬೇಕು ತಿಳಿಯಲಿಲ್ಲ.

"ನಾ ಬರ್ತೀನಿ, ತಂಗಿ. ಬಸ್ಸಿನ ಹೊತ್ತಾತು," ಅಂದರು ಮಾವನವರು ಗೋಡೆಗೆ.

ಅಷ್ಟರಲ್ಲಿ ನಮ್ಮವರು ಅಂಗಡಿಯಿಂದ ತೋಯಿಸಿಕೊಂಡು ಬಂದರು. "ಬಸ್ ಎಲ್ಲಿವು? ಸೇತುವಿ ಮ್ಯಾಲ ನೀರು ಬಂದೈತಿ. ಮೂಡಲಗೀದೂ ಬಂದ್, ಹುಕ್ಕೇರೀದೂ ಬಂದ್," ಅಂದವರು, ಇಬ್ಬರನ್ನೂ ಒಟ್ಟಿಗೆ ಕಂಡು, ಬಂದ ದಾರಿಯಲ್ಲೇ ತಿರುಗಿ ಹೋಗುವ ವಿಚಾರ ಮಾಡಿದ್ದು ನನಗೆ ಕಂಡಿತು. ನಾನು ಬಾಗಿಲಿಗೆ ಅಡ್ಡ ನಿಂತೆ.

ಹಿರಿಯರಿಬ್ಬರೂ ಎದುರು ಬದರು ಗೋಡೆಗೆ ಕೂತರು. ನಡುವೆ ಚಾಪೆಯ ಮೇಲೆ ಕೂಸು. ಚಹಾ ಕೊಟ್ಟೆ. ಅಪ್ಪನಿಗೆ ಚಹಾ ತಣಿಯಬೇಕು. ಕಪ್ಪು ಬಾಜೂಕ್ಕಿಟ್ಟುಕೊಂಡು ಕೂತರು. ಮಾವನವರಿಗೆ ಚಹಾ ಆರುವುದನ್ನು ನೋಡಲಾಗುವುದಿಲ್ಲ. ಬಹಳ ಹೊತ್ತು ತಡೆದುಕೊಂಡು, ಕಡೆಗೆ ಕೂಸಿನ ಕಡೆ ಬಾಗಿ ಹೇಳಿದರು: "ಏ ಕೂಸ, ಹುಕ್ಕೇರಿ ಮುತ್ಯಾಗ ಹೇಳವಾ, ಚಾ ಆರಾಕತ್ತೈತಿ."

ಅಪ್ಪ ಕೂಸಿಗೆ ಹೇಳಿದರು: "ಮೂಡಲಗಿ ಮುತ್ಯಾಗ ಹೇಳವಾ, ನನಗ ಆರಿದ್ದ ಬೇಕಂತ."

ಕೂಸು ಇಬ್ಬರು ಅಜ್ಜಂದಿರನ್ನೂ ನೋಡಿ ತನ್ನ ಒಂದೇ ಹಲ್ಲು ತೋರಿಸಿತು.

ಈ ಮಾತುಕತೆಯನ್ನು ತಾಳಲಾರದೆ ನಮ್ಮವರು ಟಿವಿ ಹಚ್ಚಿ ಆಟ ಹಾಕಿದರು. ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂತು. ವಯಸ್ಸಿನಲ್ಲಿ ಹಿರಿಯರೆಂದು ಮಾವನವರ ಕೈಗೆ ಕೊಟ್ಟರು. ಮಾವನವರು ಚಾಪೆಯ ಮೇಲೆ ಟಿವಿಯ ಮುಂದೆ ಸರಿದು ಕೂತರು. ರಿಮೋಟಿನ ವಯರು ಗಿಡ್ಡ, ನೋಡಬೇಕಾದರೆ ಎಲ್ಲರೂ ಹತ್ತಿರವೇ ಕೂಡಬೇಕು. ಅಪ್ಪ ನೋಡುವುದಿಲ್ಲ ಅನ್ನುವಂತೆ ಕಿಟಕಿಯ ಕಡೆ ಮುಖ ಮಾಡಿಕೊಂಡೇ, ಸ್ವಲ್ಪ ಸ್ವಲ್ಪ ಸರಿಯುತ್ತ ಬಂದು, ಬಾಜೂಕ್ಕೇ ಬಂದು ಮುಟ್ಟಿದರು.

ವಿಮಾನ ಹಾರಿತು. ಮಾವನವರು ಎಂದಿನಂತೆ ಆಕಾಶಕ್ಕೆ ಕ್ಷಿಪಣಿ ದಾನ ಮಾಡತೊಡಗಿದರು. ಎದುರಿಗೆ ಒಂದು ವೈರಿ ಬಂತು. ನೆಟ್ಟಗೆ ಮೂಗಿಗೆ ಬರುತ್ತಿದೆ. ಮಾವನವರು ಸರಿಯಲೊಲ್ಲರು. ನನ್ನ ಅಪ್ಪನಿಗೆ ಏನೆಲ್ಲ ಸಹಿಸುವ ಶಕ್ತಿ ಇತ್ತು. ಎದುರು ಬರುವ ಗಾಡಿಗೆ ಸೈಡ್ ಕೊಡದಿರುವುದನ್ನು ನೋಡುತ್ತ ಕೂಡುವ ಶಕ್ತಿ ಮಾತ್ರ ಇರಲಿಲ್ಲ. ಅವರ ಎಡಗೈ ತಾನಾಗಿಯೇ ಹೋಗಿ ರಿಮೋಟಿನ ಎಡ ಅರ್ಧವನ್ನು ಹಿಡಿದು ತಿರುಗಿಸಿತು. ವಿಮಾನ ಸರ್ರನೆ ಎಡಕ್ಕೆ ಹೊರಳಿತು. ವೈರಿ ಬಾಜೂಕ್ಕೇ ಹಾದು ಹೋಯಿತು.

ಮಾವನವರು ರಿಮೋಟ್ ಕಿತ್ತುಕೊಳ್ಳುತ್ತಾರೆ ಎಂದುಕೊಂಡೆ. ಕಿತ್ತುಕೊಳ್ಳಲಿಲ್ಲ. ಕಿತ್ತುಕೊಳ್ಳಲು ಪುರಸತ್ತೂ ಇರಲಿಲ್ಲ. ಹಿಂದೆಯೇ ಇನ್ನೆರಡು ಬಂದವು. ವಿಮಾನ ಇನ್ನೂ ಬದುಕಿತ್ತು, ಮತ್ತು ಅಷ್ಟು ಹೊತ್ತು ಬದುಕಿದ ವಿಮಾನವನ್ನು ಮಾವನವರು ಅದುವರೆಗೆ ಕಂಡಿರಲಿಲ್ಲ. ಎಡ ಅರ್ಧ ಅಪ್ಪನ ಕೈಯಲ್ಲಿ, ಬಲ ಅರ್ಧ ಮಾವನವರ ಕೈಯಲ್ಲಿ, ಇಬ್ಬರೂ ಬಿಡುವ ಹಾಗಿಲ್ಲ.

"ಹೊಡೀರಿ," ಅಂದರು ಅಪ್ಪ. ವರ್ಷ ಮೀರಿದ ಮೇಲೆ ಬೀಗರಿಗೆ ಆಡಿದ ಮೊದಲ ಮಾತು ಅದು.

ಮಾವನವರು ಹೊಡೆದರು. ಬಿತ್ತು.

"ಇನ್ನೊಂದು ಬಲಕ್ಕೈತಿ, ತಿರುಗಸ್ರಿ," ಅಂದರು ಮಾವನವರು.

"ತಿರುಗಿಸೇನಿ. ತಡೀರಿ, ಈಗ ಬ್ಯಾಡ. ಹತ್ತಿರ ಬರಲಿ. ಹಾಂ, ಈಗ."

ಬಿತ್ತು.

ಮುಂದಿನದನ್ನು ನಾನು ಅಡುಗೆಮನೆಯ ಬಾಗಿಲಲ್ಲಿ ಅನ್ನದ ಸೌಟು ಹಿಡಿದು ನಿಂತು ನೋಡಿದೆ. ಇಬ್ಬರ ಭುಜ ಅಂಟಿಕೊಂಡಿದ್ದವು. ವಿಮಾನ ಎಡಕ್ಕೆ ಹೋದರೆ ಇಬ್ಬರೂ ಎಡಕ್ಕೆ ವಾಲುತ್ತಿದ್ದರು, ಬಲಕ್ಕೆ ಹೋದರೆ ಇಬ್ಬರೂ ಬಲಕ್ಕೆ. ಚಾಪೆಯ ಇನ್ನೊಂದು ತುದಿಯಲ್ಲಿ ಕೂಸೂ ಅವರನ್ನು ನೋಡಿ ವಾಲುತ್ತಿತ್ತು. ಜಗಳವಿಲ್ಲದೆ ಇರಲಿಲ್ಲ.

"ಅವನಿಗೆ ಯಾಕ ಸೈಡ್ ಕೊಡ್ತೀರಿ, ಬೀಗರ? ಅಂವ ವೈರಿ."

"ವೈರಿ ಇರಲಿ. ದೊಡ್ಡ ಗಾಡಿ ಐತಿ ಅವಂದು."

"ನೀವು ನೆಟ್ಟಗ ಹಿಡೀರಿ, ನಾ ಕೆಡವ್ತೀನಿ."

"ಎಲ್ಲಾ ಒಮ್ಮೆ ಖರ್ಚ ಮಾಡಬ್ಯಾಡ್ರಿ. ಮುಂದ ಘಾಟ್ ಐತಿ."

ಘಾಟ್ ಅಂದರೆ ಎರಡೂ ಕಡೆ ಬಂಡೆಗಳಿರುವ ಕಣಿವೆ. ನಮ್ಮವರು ಬಸ್ ಸ್ಟ್ಯಾಂಡಿನ ಯಂತ್ರದಲ್ಲಾಗಲಿ ಮನೆಯ ಡಬ್ಬಿಯಲ್ಲಾಗಲಿ ಒಮ್ಮೆಯೂ ದಾಟದ ಕಣಿವೆ. ಅಪ್ಪ ಅದನ್ನು ಸಂಕೇಶ್ವರದ ರಸ್ತೆಯಲ್ಲಿ ಬಸ್ಸು ಒಯ್ದ ಹಾಗೆ ಒಯ್ದರು. ಮಾವನವರು ಹೆಬ್ಬೆರಳನ್ನು ಗುಂಡಿಯ ಮೇಲಿಟ್ಟು, ಒತ್ತದೆ, ಬೆವರುತ್ತ ಕೂತಿದ್ದರು. ಕಣಿವೆ ದಾಟಿದ ಕೂಡಲೇ ಮೇಲಿನಿಂದ ಒಂದು ದೊಡ್ಡ ವಿಮಾನ ಇಳಿದು ಬಂದು ಕೊಳವೆ ಚಾಚಿ ಎಣ್ಣೆ ತುಂಬಿಸತೊಡಗಿತು.

"ಡಿಪೋ ಬಂತು," ಅಂದರು ಅಪ್ಪ.

ಮಾವನವರು ಒಂದು ಕೈ ಬಿಟ್ಟು ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ಮುಟ್ಟಿಕೊಂಡರು. ಮೂಲೆಯಲ್ಲಿ ಕೂತ ನಮ್ಮವರ ಮುಖ ನೋಡುವ ಹಾಗಿತ್ತು. ಅಷ್ಟು ವರ್ಷ ತಪಸ್ಸು ಮಾಡಿದವನ ಮುಂದೆ ದೇವರು ಬಂದು ಬಾಜೂಕ್ಕೆ ಕೂತವರಿಗೆ ವರ ಕೊಟ್ಟ ಹಾಗೆ.

ಅಷ್ಟರಲ್ಲಿ ಕರೆಂಟ್ ಹೋಯಿತು.

ಮೋಡದ ಸಂಜೆ, ಕೋಣೆಯಲ್ಲಿ ಮಬ್ಬು ಬೆಳಕು. ಟಿವಿಯ ನಡುವೆ ಒಂದು ಬಿಳಿ ಚುಕ್ಕೆ ಸಣ್ಣದಾಗಿ ಇಲ್ಲವಾಯಿತು. ಇಬ್ಬರೂ ರಿಮೋಟ್ ಬಿಟ್ಟಿರಲಿಲ್ಲ, ಇನ್ನೂ ಬಲಕ್ಕೆ ವಾಲಿಕೊಂಡೇ ಕೂತಿದ್ದರು. ಅಪ್ಪನ ಭುಜ ಮಾವನವರನ್ನು ಹೆಚ್ಚು ಕಡಿಮೆ ಚಾಪೆಯಿಂದ ಹೊರಗೆ ದೂಡಿತ್ತು.

ಮಾವನವರು ತಮ್ಮ ಭುಜ ನೋಡಿಕೊಂಡರು. ಆಮೇಲೆ ಶಾಂತವಾಗಿ ಹೇಳಿದರು: "ನೋಡ್ರಿ ಬೀಗರ. ಹಿಂಗ ತಳ್ಳಿದ್ರಿ ನನ್ನ. ಫೋಟೋದಾಗ."

ಅಪ್ಪ ತಮ್ಮ ಭುಜವನ್ನೂ ಬೀಗರ ಭುಜವನ್ನೂ ಬಹಳ ಹೊತ್ತು ನೋಡಿದರು, ಅಪಘಾತವಾದ ಜಾಗವನ್ನು ನೋಡುವ ಹಾಗೆ.

"ತಳ್ಳಿರಬೇಕ್ರಿ," ಅಂದರು ಕಡೆಗೆ. "ಮೂವತ್ತು ವರ್ಷ ಎಡಕ್ಕ ಸರದು ಸರದು ರೂಢಿ ಬಿದ್ದೈತಿ. ಅವತ್ತ ಎಡಕ್ಕ ಯಾರದಾರ ಅಂತ ನೋಡಲಿಲ್ಲ. ತಪ್ಪಾತು."

ಮಾವನವರು ಮೀಸೆ ಸವರಿಕೊಂಡರು. ಅಷ್ಟು ದಿನ ಕಾಯ್ದಿಟ್ಟ ಸಿಟ್ಟು ಒಮ್ಮೆಲೇ ಖಾಲಿಯಾದರೆ ಮುಂದೇನು ಮಾಡಬೇಕೆಂದು ಅವರಿಗೂ ತಿಳಿಯಲಿಲ್ಲ ಅಂತ ಕಾಣುತ್ತದೆ. "ಇರಲಿ ಬಿಡ್ರಿ," ಅಂದರು. "ನನ್ನ ಮಾರಿ ಏನು ಅಂಥಾ ನೋಡೂಹಂಗಿಲ್ಲ." ಆಮೇಲೆ ಚಾಪೆಯ ಕಡೆ ತಿರುಗಿ, "ಕೂಸಿಗೆ ಏನ ಹೆಸರು ಅಂತ ಮಾಡೀರಿ?" ಅಂದರು.

"ನೀವು ಹೇಳ್ರಿ."

"ನಮ್ಮವ್ವನ ಹೆಸರು ನೀಲವ್ವ."

"ಭಾಳ ಛಲೋ ಐತಿ," ಅಂದರು ಅಪ್ಪ. "ಸಾಲಿಗೆ ಹೋಗೂ ಹುಡುಗಿ. ನೀಲಾ ಅಂತ ಕರೆಯೋಣೇನು?"

ಮಾವನವರು ಗುಂಡಿಯನ್ನು ಒಂದು ಸಲ ಒತ್ತಿ ನೋಡಿ, "ಆತು," ಅಂದರು. ನಾನು ಒಳಗೆ ಹೋಗಿ, ಅನ್ನ ತಳ ಹತ್ತಿದ ವಾಸನೆಯ ನೆಪದಲ್ಲಿ ಚೆನ್ನಾಗಿ ಕಣ್ಣು ಒರೆಸಿಕೊಂಡೆ. ಅನ್ನ ಖರೆಯಾಗಿಯೂ ಹತ್ತಿತ್ತು.

ಮರುದಿನ ನೀರು ಇಳಿಯಿತು. ಮಾವನವರು ಮೂಡಲಗಿ ಬಸ್ಸು ಹತ್ತಲಿಲ್ಲ. ಬೀಗರ ಮನೆ ನೋಡಿ ಬರುತ್ತೇನೆಂದು ಅಪ್ಪನ ಜೊತೆ ಹುಕ್ಕೇರಿ ಬಸ್ಸು ಹತ್ತಿದರು. ಒಂದೆರಡು ವಾರದಲ್ಲಿ ತೊಟ್ಟಿಲ ಕಾರ್ಯ ಆಯಿತು. ನಾದಿನಿ ಬಂದು ಕಿವಿಯಲ್ಲಿ ಹೆಸರು ಹೇಳಿದಳು. ಬೇಬಿ, ಚಿನ್ನಿ, ಪೈಲಟ್ ಎಲ್ಲವನ್ನೂ ಬಿಟ್ಟು ನನ್ನ ಮಗಳು ನೀಲಾ ಆದಳು. ಫೋಟೋ ತೆಗೆಯುವಾಗ ಅಪ್ಪ ಎಷ್ಟು ಜಾಗರೂಕರಾಗಿ ಬೀಗರಿಂದ ದೂರ ಸರಿದು ನಿಂತರೆಂದರೆ, ಫೋಟೋದಲ್ಲಿ ಮಾವನವರು ಮಧ್ಯದಲ್ಲಿ ರಾಜರಂತೆ ಬಂದಿದ್ದಾರೆ. ಅಂಚಿನಲ್ಲಿ ಅಪ್ಪನ ಒಂದು ಕಿವಿ ಮಾತ್ರ.

ಅದಾದ ಮೇಲೆ ಇಬ್ಬರೂ ನಮ್ಮ ಮನೆಗೆ ಬರುವ ದಿನವನ್ನು ಮಾತಾಡಿಕೊಂಡೇ ಬರುತ್ತಿದ್ದರು. ಒಬ್ಬರೇ ಬಂದ ದಿನ ಆಟ ಹಚ್ಚುತ್ತಿರಲಿಲ್ಲ. ಆ ಡಬ್ಬಿ ಕೆಟ್ಟು ಮೂಲೆ ಸೇರಿದ ಮೇಲೂ ಎಷ್ಟೋ ವರ್ಷ ಚಾಪೆಯ ಮೇಲೆ ಅದೇ ಜಾಗದಲ್ಲಿ, ಅಪ್ಪ ಎಡಕ್ಕೆ, ಮಾವನವರು ಬಲಕ್ಕೆ ಕೂತು, ಬೆಲ್ಲದ ಧಾರಣಿ, ರಸ್ತೆಯ ಗುಂಡಿ, ಸಕ್ಕರೆ ಕಾಯಿಲೆ ಮಾತಾಡುತ್ತಿದ್ದರು.

ಅಪ್ಪ ಹೋಗಿ ಈಗ ಎರಡು ಮಳೆಗಾಲ ಕಳೆದವು. ಮಾವನವರು ನಮ್ಮ ಜೊತೆ ಗೋಕಾಕದಲ್ಲೇ ಇದ್ದಾರೆ. ಮೀಸೆ ಪೂರ್ತಿ ಬೆಳ್ಳಗಾಗಿದೆ, ಹೆಬ್ಬೆರಳು ಸ್ವಲ್ಪ ನಡುಗುತ್ತದೆ. ನೀಲಾ ದಡ್ಡಿ ಅನ್ನುವ ಊರಿನ ಕಡೆ ದನದ ಡಾಕ್ಟರು. ಮೊನ್ನೆ ಭಾನುವಾರ ಬಂದಿದ್ದಳು. ಊಟವಾದ ಮೇಲೆ, "ಮುತ್ಯಾ, ನೋಡಿಲ್ಲಿ, ನಿನ್ನ ವಿಮಾನ ಸಿಕ್ತು," ಅಂತ ಫೋನ್ ತೋರಿಸಿದಳು. ಬಸ್ ಸ್ಟ್ಯಾಂಡಿನ ಯಂತ್ರದಲ್ಲಿದ್ದ ಅದೇ ಆಟ ಈಗ ಅಂಗೈಯಷ್ಟು ಗಾಜಿನೊಳಗೆ ಬಂದಿತ್ತು. ಅದೇ ಸಮುದ್ರ, ಅದೇ ಹೊಗೆ. ಎಡಗಡೆ ತಿರುಗಿಸುವ ಗುರುತು, ಬಲಗಡೆ ಹೊಡೆಯುವ ಗುರುತು.

ಮಾವನವರು ಕನ್ನಡಕ ಏರಿಸಿ ನೋಡಿದರು. ಗಾಜಿನ ಮೇಲೆ ಹೆಬ್ಬೆರಳು ಒತ್ತಿದರು. ಆಮೇಲೆ ಫೋನನ್ನು ಹಾಸಿಗೆಯ ಮೇಲಿಟ್ಟರು.

"ಬ್ಯಾಡ ಬಿಡವಾ. ಒಬ್ಬಾಂವ ಏನ ಆಡೂದು."

ನೀಲಾಳಿಗೆ ಯಾವುದೋ ಎಮ್ಮೆ ಈಯುತ್ತಿದೆಯೆಂದು ಅವಳ ಕೆಲಸದ ಇನ್ನೊಂದು ಫೋನಿಗೆ ಕರೆ ಬಂತು. ಮಾತಾಡುತ್ತ ಅಂಗಳಕ್ಕೆ ಹೋದಳು. ನಾನು ಮೆಂತ್ಯೆ ಸೊಪ್ಪು ಸೋಸುತ್ತ ಕೂತಿದ್ದೆ. ಆ ಮೊದಲ ಸಲದ ಮೇಲೆ ನಾನು ಮುಟ್ಟದೇ ಬಿಟ್ಟ ಆಟ. ಕೈಯನ್ನು ಸೆರಗಿಗೆ ಒರೆಸಿಕೊಂಡು ಎದ್ದು ಹೋಗಿ ಮಾವನವರ ಎಡಕ್ಕೆ ಕೂತೆ.

"ಮಾವಾರ, ಈ ಕಡೆ ನಾ ಹಿಡೀತೀನ್ರಿ."

ಅವರು ಸ್ವಲ್ಪ ಸರಿದು ಜಾಗ ಮಾಡಿದರು. ಫೋನಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಅವರ ಕೈಯಲ್ಲಿ. ವಿಮಾನ ಹಾರಿತು. ಈ ಸಲ ನಾನು ಕಣ್ಣು ಮುಚ್ಚಿಕೊಳ್ಳಲಿಲ್ಲ. ಎದುರಿಗೆ ದೂರದಲ್ಲಿ ಒಂದು ಚುಕ್ಕೆ ಕಾಣಿಸಿತು, ದೊಡ್ಡದಾಗುತ್ತ ಬಂತು.

"ಹೊಡೀರಿ, ಮಾವಾರ," ಅಂದೆ.

ಅವರ ಹೆಬ್ಬೆರಳು ಗಾಜಿನ ಮೇಲೆಯೇ ಇತ್ತು. ಒತ್ತಲಿಲ್ಲ.

"ಹೋಗ್ಲಿ ಬಿಡ, ತಂಗಿ," ಅಂದರು. "ಸೈಡ್ ಕೊಡು ಅವನಿಗೆ."

ಕೊಟ್ಟೆ.